ಪಾಸ್ಟರ ಮೂರು ಕುರ್ಚಿಗಳು

ಗ್ವಾಟೆಮಾಲಾದ ಆ ಬೆಟ್ಟದೂರಿನಲ್ಲಿ ಗಂಡ ಹೆಂಡಿರು ಜಗಳವಾಡಿದರೆ ಗುರುವಾರ ಪಾಸ್ಟರ್ ಎಲಿಸೆಯೊ ಅವರ ಕೋಣೆಗೆ ಬರಲೇಬೇಕು. ಅಲ್ಲಿ ಜೋಡಿಗೆ ಎರಡು ಕುರ್ಚಿ, ಎದುರಿಗೆ ಅವರದೊಂದು. ಬಾಗಿಲಲ್ಲಿ ಸರದಿ ಕೂಗಲು ಸಹಾಯಕಿ ನೊಯೆಮಿ. ಬಂದವರಿಗೆ ಬೆಲ್ಲದ ಕಾಫಿ, ಬೈಬಲಿನ ಒಂದು ವಚನ, ಅಳುವವರಿಗೆ ಇಸ್ತ್ರಿ ಮಾಡಿದ ಕರವಸ್ತ್ರ. ಗಂಡ ಬಾಯಿ ತೆರೆದರೆ, "ತಡಿಯಪ್ಪಾ, ಮೊದ್ಲು ಅವಳ ಮಾತು ಕೇಳು!" ಎಂದು ಪಾಸ್ಟರ ಗದರಿಕೆ. ಬಸ್ಸಿನಲ್ಲಿ ಯಾರಾದರೂ ಕಿತ್ತಾಡಿದರೂ ಗಾಡಿ ನಿಲ್ಲಿಸಿ, ರಾಜಿ ಮಾಡಿಸಿಯೇ ಮುಂದಕ್ಕೆ ಬಿಡುವ ಆಸಾಮಿ. ಈ ಗುರುವಾರ ನೊಯೆಮಿ ಕೊನೆಯ ಸರದಿ ಕೂಗಿದಾಗ ಎದ್ದು ಬಂದವರು ಪಾಸ್ಟರ ಹೆಂಡತಿ ಅಬಿಗೈಲಮ್ಮ, ಆ ಕರವಸ್ತ್ರಗಳಿಗೆಲ್ಲ ಇಸ್ತ್ರಿ ಹಾಕುವವರು. "ರೀ, ಈ ಕಡೆ ಬಂದು ಕೂತ್ಕೊಳ್ಳಿ. ಇಪ್ಪತ್ತಾರು ವರ್ಷದಿಂದ ಕಾದಿದೀನಿ," ಎಂದರು. ಪಾಸ್ಟರು ಗಂಡನ ಕುರ್ಚಿಯಲ್ಲಿ ಕುಸಿದು ಬಾಯಿ ತೆರೆದರು. ತಡೆಯಲು ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ.