ಅಡ್ಮಿನ್ ಬೆರಳು ತಪ್ಪಿದ ದಿನ

ಕೇಳಿ ಗೆಳೆಯರೇ. ಊರಿಗೆ ಓದಲು ಹೋದ ನಮ್ಮ ಮಕ್ಕಳಿಗೆ ಬೇಕಾದೀತೆಂದು, ಗೇ, ಲೆಸ್ಬಿಯನ್ ಹುಡುಗ ಹುಡುಗಿಯರಿಗಾಗಿಯೇ ಇರುವ ಬೆಂಗಳೂರಿನ ಸಹಾಯವಾಣಿ ನಂಬರನ್ನು ಬೆಳಿಗ್ಗೆ ದೋಹಾದ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ತಕ್ಷಣ ಅಡ್ಮಿನ್ ಫೋನ್ ಬಂತು.

"ಇದು ಕತಾರ್ ಮಾರಾಯ್ರೆ! ಇಂಥದ್ದೆಲ್ಲ ಇಲ್ಲಿ ಮಾಫಿ, ಕಾನೂನೇ ಬಿಡುದಿಲ್ಲ. ನಾನೇ ಡಿಲೀಟ್ ಮಾಡ್ತೇನೆ."

ನೋಡಿದರೆ ಮೆಸೇಜು ಗ್ರೂಪಿನ ನೆತ್ತಿಯ ಮೇಲೆ ಪಿನ್ ಆಗಿ ಕೂತಿದೆ! ನನ್ನನ್ನು ಸಿಕ್ಕಿಹಾಕಿಸುವ ಆಟವೇ ಇದು? ಫೋನ್ ಮಾಡಿ ಕೇಳಿದೆ.

"ಬೆರಳು ತಪ್ಪಿತು. ತೆಗಿಯುದು ಹೇಗೆ ಅಂತ ಗೊತ್ತಾಗುದಿಲ್ಲ."

ಸೈಟು ಮಾರಾಟದ ಜಾಹೀರಾತನ್ನು ಕಣ್ಣು ಮಿಟುಕಿಸುವುದರೊಳಗೆ ಅಳಿಸುವ ಬೆರಳದು! ಸಂಜೆಯಾದರೂ ನಂಬರು ಅಲ್ಲೇ ಇದೆ. ನನ್ನ ಅನುಮಾನ ಈಗ ಬೇರೆ ದಿಕ್ಕಿಗೆ ತಿರುಗಿದೆ. ತೆಗೆಯುವುದು ಹೇಗೆಂದು ನಾನಂತೂ ಹೇಳಿಕೊಡುವುದಿಲ್ಲ.