ಎರಡು ಕಿವಿಯ ಎಲೆ

ವಯಸ್ಸಾದ ಮೇಲೆ ಹಲ್ಲು ಒಂದೊಂದಾಗಿ ಹೋಗುತ್ತವೆ, ನಾಲಿಗೆ ಮಾತ್ರ ಹೋಗುವುದಿಲ್ಲ. ಮೊಮ್ಮಗಳು ಪ್ರಾಜಕ್ತಾ ನನ್ನೊಡನೆ ಕನ್ನಡ ಬಿಟ್ಟದ್ದು ಈ ನಾಲಿಗೆಯಿಂದಲೇ. ಅಥಣಿಯ ಬೀಗರು ಬಂದಾಗ ಅವಳು, "ಅಜ್ಜಾ, ಜೇವಣ ತಯಾರ ಆಗೇತಿ, ಲವಕರ ಬರ್ರಿ" ಎಂದು ಮರಾಠಿ ಬೆರೆಸಿ ಊಟಕ್ಕೆ ಬೇಗ ಬರಲು ಕರೆದಳು. "ಇದೇನ ಕನ್ನಡನೋ, ಖಿಚಡಿನೋ?" ಎಂದುಬಿಟ್ಟೆ. ಬೀಗರು ನಕ್ಕರು. ಅಂದಿನಿಂದ ನನಗೆ ಸಿಕ್ಕಿದ್ದು ಅಚ್ಚ ಮರಾಠಿ: "ಹೋ ಆಜೋಬಾ", "ನಾಹೀ ಆಜೋಬಾ". ಮಿರಜದ ನಮ್ಮ ಮನೆಯಲ್ಲಿ ಅವಳೊಡನೆ ಕನ್ನಡ ಆಡುವವನು ನಾನೊಬ್ಬನೇ. ಆ ಬಾಗಿಲನ್ನೂ ನಾನೇ ಹಾಕಿಕೊಂಡಿದ್ದೆ.

ದಸರೆಯ ಹಿಂದಿನ ದಿನ ಅವಳು ಕಟ್ಟೆಯ ಮೇಲೆ ಕೂತು ಸಸ್ಯಶಾಸ್ತ್ರ ಓದುತ್ತಿದ್ದಳು. ಪಕ್ಕದಲ್ಲಿ ಪೇಟೆಯಿಂದ ತಂದ ಆಪ್ಟಾ ಎಲೆಯ ಕಟ್ಟು. ಹಬ್ಬದಂದು ನಾವು ಬಂಗಾರವೆಂದು ಹಂಚುವುದು ಇದನ್ನೇ. ನಡುವೆ ಸೀಳಿದ ಆ ಎಲೆ ನೋಡುತ್ತ, ಅದರ ಆಕಾರದ ಇಂಗ್ಲಿಷ್ ಹೆಸರನ್ನು "ಬಾಯ್-ಲೋ-ಬೇಟ್, ಬಾಯ್-ಲೋ-ಬೇಟ್" ಎಂದು ಉರು ಹೊಡೆಯುತ್ತಿದ್ದಳು.

ಮ್ಯಾಟ್ರಿಕ್ ಕಲಿತವನಿಗೆ ಸುಮ್ಮನಿರಲಾಗುತ್ತದೆಯೇ? "ಎಲಿಗೆ ಯಾವ ಬಾಯಿ ಬಂತವಾ?" ಎಂದೆ.

ನಮಗೆ ಬಾಯಿ ಎಂದರೆ ಮಾತಾಡುವುದು, ಮರಾಠಿಯಲ್ಲಿ ಹೆಂಗಸು. ಅವಳು ಫಕ್ಕನೆ ನಕ್ಕಳು. "ಲೋಬೇಟ್ ಬಾಯಿ ಅಂತ ನಮ್ಮ ಕಾಲೇಜನ್ಯಾಗ ಯಾರೂ ಇಲ್ಲರಿ ಅಜ್ಜಾ."

ಅಜ್ಜಾ ಎಂದಿದ್ದಳು. ಹಕ್ಕಿ ಹಾರಿಹೋದೀತೆಂದು ನಾನು ಅಲುಗಾಡದೆ ಕೂತೆ.

"ನಡುವಿನ ಲೋ ಒತ್ತಿ ಅನ್ನಬೇಕ್ರಿ. ಬಾಯ್ ಅಂದ್ರ ಲ್ಯಾಟಿನ್‌ನ್ಯಾಗ ಎರಡು. ಲೋಬ್ ಗ್ರೀಕರದು, ಕಾನಾಚಿ ಪಾಳಿ. ಅದಕ್ಕ ಕನ್ನಡದಾಗ ಏನಂತಾರಿ?"

"ಕಿವಿಹಾಲಿ."

"ಹಾಂ, ಕಿವಿಹಾಲಿ. ಅರ್ಧಾ ಲ್ಯಾಟಿನ್, ಅರ್ಧಾ ಗ್ರೀಕ್." ನನ್ನತ್ತ ಓರೆಗಣ್ಣಲ್ಲಿ ನೋಡಿದಳು. "ಇದೂ ಖಿಚಡಿನ ನೋಡ್ರಿ."

ಗ್ರೀಕರೂ ರೋಮಿನವರೂ ಎಲ್ಲಿಯೋ ನಮ್ಮ ಮಿರಜದಂಥ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಮಾತು ಬೆರೆಸಿಕೊಂಡಿರಬೇಕು. ಅವರ ಅಜ್ಜಂದಿರು ಬೈದಿರಲಿಕ್ಕಿಲ್ಲ. ಬೈದಿದ್ದರೆ ಈ ಎಲೆಗೆ ಹೆಸರೇ ಇರುತ್ತಿರಲಿಲ್ಲ.

"ತಪ್ಪಾತವಾ," ಎಂದೆ. "ಖಿಚಡಿ ನನಗೂ ಸೇರತೈತಿ."

"ತುಪ್ಪಾ ಹಾಕಿದ್ರ," ಎಂದು ಮತ್ತೆ ಓದಿಗೆ ಇಳಿದಳು.

ಮರುದಿನ ಮೊದಲ ಎಲೆ ನನ್ನ ಕೈಗೇ ಬಂತು. "ಸೋನ ತಗೋರಿ ಅಜ್ಜಾ, ಬಂಗಾರದಂಗ ಇರೂನು." ಆ ಒಂದು ಸಾಲಿನಲ್ಲಿ ಎಷ್ಟು ಮಾತು ಮರಾಠಿ, ಎಷ್ಟು ಕನ್ನಡ ಎಂದು ನಾನು ಆರಿಸಲು ಹೋಗಲಿಲ್ಲ. ಎಲೆಯನ್ನು ತಿರುವಿ ತಿರುವಿ ನೋಡಿದೆ. ಒಂದೇ ತೊಟ್ಟು, ಎರಡು ಕಿವಿ. ದೇವರು ದೊಡ್ಡವನು, ಬಾಯಿ ಇಟ್ಟಿರಲಿಲ್ಲ.