ಕೆಂಪು ಎಲೆಗೆ ಶಿಳ್ಳೆ

ನನ್ನ ಅಕ್ಷರ ಸೊಟ್ಟ, ಮಾತೂ ಅಷ್ಟಕ್ಕಷ್ಟೇ, ಬೇಸರಪಡದೆ ಓದಿ. ಸಂತೇಬೆನ್ನೂರಿನ ಸ್ಟುಡಿಯೋ ತಿಪ್ಪೇರುದ್ರಣ್ಣ, ಚಳಿಗಾಲಕ್ಕೆ ಬಾದಾಮಿ ಮರ ಕೆಂಪಾಯಿತೆಂದರೆ ಮದುವೆ ಆರ್ಡರನ್ನೂ ಮರೆತು, ಮರದಡಿ ಅಂಗಾತ ಮಲಗಿ ಎಲೆಗಳ ಫೋಟೊ ತೆಗೆಯುತ್ತಾರೆ. "ಗದ್ದ ಒಂಚೂರು ಮ್ಯಾಲೆತ್ತವ್ವ," ಎಂದು ಎಲೆಗೂ ಹೇಳುತ್ತಾರೆ. ಬಾಯಲ್ಲಿ ಸದಾ ಒಂದೇ ಇಂಗ್ಲಿಷ್ ರಾಕ್ ಹಾಡಿನ ಶಿಳ್ಳೆ. ಅದನ್ನು ಮೊದಲು ಹಾಡಿದವನಿಗೆ ಯಾರೂ ಕಿವಿಗೊಡಲಿಲ್ಲವಂತೆ. ಆಮೇಲೆ ದೇಶದೇಶದವರು ಹಾಡಿದರಂತೆ. ಒಬ್ಬೊಬ್ಬರ ಧಾಟಿಯನ್ನೂ ಶಿಳ್ಳೆಯಲ್ಲೇ ತೋರಿಸುತ್ತಾರೆ. "ಯಾರದ್ದು ಚಂದ ಐತಣ್ಣ?" ಎಂದೆ. "ನಮ್ಮ ಅಂಬಿಕಾಂದು," ಎಂದರು. ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ ಅವರ ಹೆಂಡತಿ ಅಂಬಿಕಕ್ಕನಿಗೆ ಗಂಟಲಿನ ಆಪರೇಷನ್ ಆದಮೇಲೆ ದನಿಯಿಲ್ಲ. ಸಂಜೆ ಎಲೆಯ ಫೋಟೊ ತೋರಿಸುತ್ತ ಅಣ್ಣ ಶಿಳ್ಳೆ ಹಾಕಿದರೆ ಅಕ್ಕನ ತುಟಿ ಮಾತ್ರ ಅಲುಗುತ್ತದೆ. ನಿನ್ನೆ ಅಕ್ಕ, ಪಕ್ಕದ ಮನೆಯವಳಾದ ನನ್ನತ್ತ ಬೆರಳು ತೋರಿದರು. "ನೀನು ಹಾಡಬೇಕಂತವ್ವ," ಎಂದರು ಅಣ್ಣ. ಯಾರೆದುರಿಗೂ ನನಗೆ ಬಾಯಿ ಬರುವುದಿಲ್ಲ. ಆದರೂ ಇವತ್ತು ಸಂಜೆ ಹೋಗಿ ಹಾಡುತ್ತೇನೆ.